ಎಂಟು ಸಾವಿರ ಕೊಳವೆಗಳ ಕೊರಳು

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್‌ನ ಸೂರು ಹೊತ್ತಿ ಉರಿಯಿತು. ಶಿಖರ ಕುಸಿದುಬಿತ್ತು. ಸಂಗೀತ ಬಲ್ಲವರ ಜೀವವೆಲ್ಲ ಆಗ ಪಶ್ಚಿಮದ ಗೋಡೆಯ ಕಡೆಗಿತ್ತು. ಅಲ್ಲಿ, ದುಂಡನೆಯ ಬಣ್ಣದ ಗಾಜಿನ ಕಿಟಕಿಯ ಕೆಳಗೆ, ಎತ್ತರದ ಅಟ್ಟದ ಮೇಲೆ ಸುಮಾರು 8,000 ಕೊಳವೆಗಳ ಪೈಪ್ ಆರ್ಗನ್ ನಿಂತಿತ್ತು. ಜ್ವಾಲೆ ಅಲ್ಲಿಯವರೆಗೆ ಬರಲಿಲ್ಲ. ಆದರೆ ಛಾವಣಿಗೆ ಹೊದಿಸಿದ್ದ ಸೀಸ ಬೆಂಕಿಗೆ ಸಿಕ್ಕಿ, ಅದರ ವಿಷದ ಧೂಳು ವಾದ್ಯದ ಒಳಹೊರಗೆಲ್ಲ ಕೂತುಬಿಟ್ಟಿತು. ಆ ವಾದ್ಯವನ್ನು ಮತ್ತೆ ನುಡಿಯುವಂತೆ ಮಾಡಿದ ಕೆಲಸದಲ್ಲಿ ಆರ್ಗನ್ ಕಟ್ಟುವ ಕಸುಬಿನ ಪೂರ್ತಿ ಪರಿಚಯ ಸಿಗುತ್ತದೆ.

ಹಾರ್ಮೋನಿಯಂ ಕಂಡವರಿಗೆ ಆರ್ಗನ್ನಿನ ತತ್ವ ತೀರ ಹೊಸದಲ್ಲ. ನಮ್ಮ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ಕೂಡ 1840ರ ಹೊತ್ತಿಗೆ ಪ್ಯಾರಿಸ್ಸಿನಲ್ಲೇ ಅಲೆಕ್ಸಾಂದ್ರ್ ದೆಬೆನ್ ರೂಪಿಸಿದ ವಾದ್ಯದ ವಂಶಕ್ಕೆ ಸೇರಿದ್ದು. ಎರಡರಲ್ಲೂ ತಿದಿ ಗಾಳಿ ತುಂಬುತ್ತದೆ, ಬೆರಳು ಒತ್ತಿದ ಕಡೆ ಗಾಳಿಗೆ ದಾರಿ ತೆರೆಯುತ್ತದೆ. ಆದರೆ ಹಾರ್ಮೋನಿಯಂನಲ್ಲಿ ನುಡಿಯುವುದು ಹಿತ್ತಾಳೆಯ ರೀಡು. ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ರೀಡೇ ಇಲ್ಲ, ಒಳಗಿನ ಗಾಳಿಯ ಕಂಬವೇ ಕಂಪಿಸಿ ನುಡಿಯುತ್ತದೆ.

ಒಂದು ಕೊಳವೆಗೆ ಒಂದೇ ಸ್ವರ, ಒಂದೇ ನಾದಗುಣ. ಹಾಗಾಗಿ ಪ್ರತಿ ಬಗೆಯ ನಾದಕ್ಕೂ ಸಣ್ಣದರಿಂದ ದೊಡ್ಡದರವರೆಗೆ ಒಂದು ಇಡೀ ಸಾಲು ಬೇಕು. ವಾದಕನ ಪಕ್ಕದ ಗುಬುಟನ್ನು ಎಳೆದರೆ ಆ ಸಾಲಿಗೆ ಗಾಳಿ ಹರಿಯುತ್ತದೆ. ಇದಕ್ಕೆ ಸ್ಟಾಪ್ ಎಂದು ಹೆಸರು. ನೋತ್ರ್ ದಾಮ್‌ನಲ್ಲಿ ಇಂಥ 115 ಸ್ಟಾಪ್‌ಗಳಿವೆ. ಕೈಗೆ ಐದು ಕೀಬೋರ್ಡ್, ಕಾಲಿಗೆ ಇನ್ನೊಂದು.

ಕೊಳವೆ ಹುಟ್ಟುವುದು ಕುಲುಮೆಯಲ್ಲಿ. ತವರ, ಸೀಸಗಳನ್ನು ಕರಗಿಸಿ ಉದ್ದನೆಯ ಮೇಜಿನ ಮೇಲೆ ತೆಳ್ಳಗೆ ಹರಡುತ್ತಾರೆ. ತವರ ಹೆಚ್ಚಿದ್ದರೆ ನಾದ ಚುರುಕು, ಸೀಸ ಹೆಚ್ಚಿದ್ದರೆ ಮೆದು ಎನ್ನುವುದು ಕಸುಬುದಾರರ ಅನುಭವ. ತಣಿದ ಹಾಳೆಯನ್ನು ಹೆರೆದು, ಅಳತೆಗೆ ಕತ್ತರಿಸಿ, ಅಚ್ಚಿನ ಸುತ್ತ ಸುರುಳಿ ಮಾಡಿ ಬೆಸುಗೆ ಹಾಕುತ್ತಾರೆ. ಮರದ ಕೊಳವೆಗಳೂ ಇವೆ, ಅವು ಬಡಗಿಯ ಪಾಲು. ಉದ್ದ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಮೇಲ್ತುದಿ ಮುಚ್ಚಿದರೆ ಅದೇ ಉದ್ದದಲ್ಲೂ ಅಷ್ಟೇ ಕೆಳಗಿನ ಸ್ವರ ಸಿಗುತ್ತದೆ. 32 ಅಡಿಯ ಕೊಳವೆ ಸೆಕೆಂಡಿಗೆ ಸುಮಾರು 16 ಸಲ ಕಂಪಿಸುತ್ತದೆ. ಅದರ ನಾದ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ನೋತ್ರ್ ದಾಮ್‌ನ ವಾದ್ಯ ಒಬ್ಬ ಶಿಲ್ಪಿಯದಲ್ಲ. 1733ರಲ್ಲಿ ಫ್ರಾನ್ಸುವಾ ತಿಯೆರಿ ಕಟ್ಟಿದ್ದನ್ನು ಅದೇ ಶತಮಾನದ ಕೊನೆಯಲ್ಲಿ ಫ್ರಾನ್ಸುವಾ ಆನ್ರಿ ಕ್ಲಿಕೋ ವಿಸ್ತರಿಸಿದರು. 1868ರಲ್ಲಿ ಆರಿಸ್ತೀದ್ ಕವಾಯೆ ಕೋಲ್ ಅದಕ್ಕೆ ಹೊಸ ಜನ್ಮವನ್ನೇ ಕೊಟ್ಟರು. ಆರ್ಗನ್ ದೊಡ್ಡದಾದಷ್ಟೂ ಕೀಲಿಗಳು ಬಿಗಿಯಾಗಿ ವಾದಕನ ಬೆರಳು ಸೋಲುತ್ತಿದ್ದವು. ಕೊಳವೆಗೆ ದಾರಿ ತೆರೆಯುವ ಭಾರವನ್ನು ಗಾಳಿಗೇ ವಹಿಸುವ, ಚಾರ್ಲ್ಸ್ ಬಾರ್ಕರ್ ಎಂಬ ಇಂಗ್ಲೆಂಡಿನವರ ಸನ್ನೆ ವ್ಯವಸ್ಥೆಯನ್ನು ಕವಾಯೆ ಕೋಲ್ 1841ರಲ್ಲಿ ಸೇಂಟ್ ದೆನಿ ಚರ್ಚಿನ ಆರ್ಗನ್ನಿನಲ್ಲಿ ಬಳಸಿ ಗೆದ್ದಿದ್ದರು. ಆ ಅನುಕೂಲ ಬಂದ ಮೇಲೆ ಒಬ್ಬ ಮನುಷ್ಯ ಇಡೀ ವಾದ್ಯವೃಂದದಷ್ಟು ನಾದವನ್ನು ಹತ್ತು ಬೆರಳಲ್ಲಿ ಎಬ್ಬಿಸಬಹುದಾಯಿತು. ದೃಷ್ಟಿ ತೀರ ಮಂದವಾಗಿದ್ದ ಲೂಯಿ ವಿಯೆರ್ನ್ 1900ರಿಂದ ಇಲ್ಲಿ ವಾದಕರಾಗಿದ್ದು, 1937ರ ಜೂನ್ 2ರಂದು ಕಛೇರಿಯ ನಡುವೆ ಇದೇ ಕೀಬೋರ್ಡಿನ ಮುಂದೆ ಪ್ರಾಣ ಬಿಟ್ಟರು. ಮುಂದೆ ವಿದ್ಯುತ್ ಬಂತು, 1990ರ ದಶಕದಲ್ಲಿ ಕಂಪ್ಯೂಟರ್ ಕೂಡ ಬಂತು. ಆದರೂ ಹಳೆಯ ಕೊಳವೆಗಳನ್ನೆಲ್ಲ ಯಾರೂ ಎಸೆದುಬಿಡಲಿಲ್ಲ. ತಿಯೆರಿಯ ಕಾಲದ ಕೆಲವು ಕೊಳವೆಗಳು ಇಂದಿಗೂ ನುಡಿಯುತ್ತಿವೆ.

ಬೆಂಕಿಯ ಮರುವರ್ಷ, 2020ರ ಆಗಸ್ಟ್‌ನಲ್ಲಿ ಬಿಚ್ಚುವ ಕೆಲಸ ಶುರುವಾಯಿತು. ಕೀಬೋರ್ಡು, ಕೊಳವೆ, ಗಾಳಿಪೆಟ್ಟಿಗೆಗಳು ಒಂದೊಂದಾಗಿ ಇಳಿದು ಕಾರ್ಯಾಗಾರಗಳಿಗೆ ಹೋದವು. ಧೂಳು ತೆಗೆದು, ಹಾಳಾದದ್ದನ್ನು ಸರಿಮಾಡಿ, ಮತ್ತೆ ಅಟ್ಟಕ್ಕೇರಿಸಿ ಜೋಡಿಸಿದರು. ಆಗಲೂ ವಾದ್ಯ ಸಿದ್ಧವಾಗಿರಲಿಲ್ಲ. ಕೊಳವೆಗೆ ದನಿ ಕೂಡಿಸುವ ಕೆಲಸ ಬಾಕಿಯಿತ್ತು.

ಶ್ರುತಿ ಮಾಡುವುದು ಬೇರೆ, ದನಿ ಕೂಡಿಸುವುದು ಬೇರೆ. ಶ್ರುತಿಯಿಂದ ಸ್ವರದ ಎತ್ತರ ಸರಿಹೋಗುತ್ತದೆ. ಆದರೆ ಗಾಳಿ ತಾಗಿದೊಡನೆ ಕೊಳವೆ ಥಟ್ಟನೆ ನುಡಿಯಬೇಕೋ ನಿಧಾನ ಎದ್ದೇಳಬೇಕೋ, ದನಿ ದುಂಡಗಿರಬೇಕೋ ಹರಿತವಾಗಿರಬೇಕೋ, ಪಕ್ಕದ ಕೊಳವೆಗಿಂತ ಎಷ್ಟು ಮುಂದಿರಬೇಕು ಎಂಬುದೆಲ್ಲ ದನಿ ಕೂಡಿಸುವವರ ತೀರ್ಮಾನ. ಅವರು ಕೊಳವೆಯ ಬಾಯಿಯ ತುಟಿಯನ್ನು ಕೂದಲೆಳೆಯಷ್ಟು ಒಳಗೆ ಒತ್ತುತ್ತಾರೆ ಅಥವಾ ಹೊರಗೆ ಎಳೆಯುತ್ತಾರೆ, ಪಾದದ ರಂಧ್ರವನ್ನು ತುಸು ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ. ಕಾರ್ಯಾಗಾರದಲ್ಲಿ ಇಂಪಾಗಿದ್ದ ಕೊಳವೆ ಕೆಥೆಡ್ರಲ್‌ನ ಕಲ್ಲಿನ ಕಮಾನುಗಳ ಕೆಳಗೆ ಕಿರುಚಬಹುದು, ಇಲ್ಲವೇ ಕಳೆದುಹೋಗಬಹುದು. ಹಾಗಾಗಿ ಈ ಕೆಲಸ ಕೊನೆಗೊಳ್ಳಬೇಕಾದ್ದು ಆ ಕಟ್ಟಡದೊಳಗೇ. ಹಗಲೆಲ್ಲ ಬೇರೆ ಕೆಲಸಗಾರರ ಸದ್ದು ತುಂಬಿರುತ್ತಿದ್ದರಿಂದ 2024ರಲ್ಲಿ ಸುಮಾರು ಆರು ತಿಂಗಳು ಇವರು ರಾತ್ರಿ ಹೊತ್ತು ಕೂತು, ಕೊಳವೆಗಳನ್ನು ಒಂದೊಂದಾಗಿ ಆಲಿಸಿ ತಿದ್ದಿದರು.

2024ರ ಡಿಸೆಂಬರ್ 7ರಂದು ಕೆಥೆಡ್ರಲ್ ಮತ್ತೆ ಬಾಗಿಲು ತೆರೆಯಿತು. ಆರ್ಚ್‌ಬಿಷಪ್ ಲೊರಾಂ ಉಲ್ರಿಕ್ ಎಚ್ಚರಗೊಳ್ಳುವಂತೆ ಎಂಟು ಬಾರಿ ಆರ್ಗನ್ನನ್ನು ಕರೆದರು. ಪ್ರತಿ ಕರೆಗೂ ವಾದಕರು ಆ ಕ್ಷಣದಲ್ಲೇ ಕಟ್ಟಿದ ಸಂಗೀತದಿಂದ ವಾದ್ಯ ಓಗೊಟ್ಟಿತು.

ಸುಟ್ಟ ಛಾವಣಿಗೆ ಮರ, ಸೀಸವನ್ನು ಹಣ ಕೊಟ್ಟು ತರಬಹುದು. ತುಟಿ ಎಷ್ಟು ಬಾಗಬೇಕೆಂದು ಹೇಳಬಲ್ಲ ಕಿವಿಯನ್ನು ಹಾಗೆ ತರಲಾಗದು. ಅದು ಗುರುವಿನ ಪಕ್ಕ ವರ್ಷಗಟ್ಟಲೆ ಕೂತು ಕಲಿತವರಲ್ಲಿ ಮಾತ್ರ ಇರುತ್ತದೆ. 2017ರಲ್ಲಿ ಯುನೆಸ್ಕೊ ಜರ್ಮನಿಯ ಆರ್ಗನ್ ಕಸುಬನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಬಗೆಯ ಅರಿವನ್ನು ಕಾಯುವ ಸಲುವಾಗಿಯೇ. ಹಳೆಯ ವಾದ್ಯವನ್ನು ಉಳಿಸಿಕೊಳ್ಳಬೇಕೆನ್ನುವ ಯಾವ ನಾಡೂ ಮೊದಲು ಮಾಡಬೇಕಾದ ಕೆಲಸವೆಂದರೆ ಅದರ ಕಸುಬುದಾರನ ಬಳಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಲಿಯಲು ಕೂರಿಸುವುದು.