ಹಚ್ಚೆಯ ಸೂಜಿ ಮತ್ತು ಸಾವಧಾನ ಚಿತ್ತ

‘ಹಚ್ಚೆ’ ಎಂಬುದು ಹಳೆಯ ಮಾತು. ಪಚ್ಚೆ ಎಂದರೆ ಹಸುರು. ಹಳಗನ್ನಡದ ಪಕಾರವು ಹಕಾರವಾಗಿ ಅದು ಹಚ್ಚೆಯಾಯಿತು. ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರು ಇದನ್ನು ‘ಪಚ್ಚೈ’ ಎಂದೂ ಹೈದರಾಬಾದಿನವರು ‘ಪಚ್ಚಬೊಟ್ಟು’ ಎಂದೂ ಕೇಳಿರುತ್ತಾರೆ. ಮುಂಬಯಿ, ಪುಣೆಗಳಲ್ಲಿ ಅದು ‘ಗೋಂದಣ’, ದಿಲ್ಲಿಯ ಕಡೆ ‘ಗೋದನಾ’. ಚರ್ಮದೊಳಗೆ ಇಳಿಸುವ ಮಸಿ ಕಪ್ಪೇ ಆದರೂ ಮೇಲಿನ ಪದರಗಳಲ್ಲಿ ಬೆಳಕು ಚದುರುವುದರಿಂದ ಅದು ಹಸುರುನೀಲಿಯಾಗಿ ತೋರುತ್ತದೆ. ಹೆಸರು ಹುಟ್ಟಿದ್ದು ಈ ಬಣ್ಣದಿಂದ.

ಹಿಂದಿನ ತಲೆಮಾರಿನ ಹೆಂಗಸರ ಮುಂಗೈಯ ಮೇಲೆ ತುಳಸಿಕಟ್ಟೆ, ಚೇಳು, ತೊಟ್ಟಿಲು, ರಂಗೋಲಿಯ ಚುಕ್ಕೆಗಳನ್ನು ಕಂಡವರು ಇನ್ನೂ ಬಹುಮಂದಿ ಇದ್ದಾರೆ. ಸತ್ತ ಮೇಲೆ ಒಡವೆ ವಸ್ತ್ರಗಳೆಲ್ಲ ಹಿಂದೆ ಉಳಿಯುತ್ತವೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ ಆಗ ಬಲವಾಗಿತ್ತು. ಊರೂರು ತಿರುಗುತ್ತಿದ್ದ ಕೊರವಂಜಿಯರು ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳನ್ನು ಒಟ್ಟಾಗಿ ಹಿಡಿದು, ಹುಡುಗಿಯ ತೋಳನ್ನು ತಮ್ಮ ತೊಡೆಯ ಮೇಲಿರಿಸಿಕೊಂಡು ಹಚ್ಚೆ ಹುಯ್ಯುತ್ತಿದ್ದರು. ಕೈ ಚುಚ್ಚುತ್ತಿದ್ದಂತೆಯೇ ಬಾಯಿ ಹಾಡುತ್ತಿತ್ತು. ಆ ಹಾಡಿನಲ್ಲಿ ತವರಿನ ಮಾತು, ಅಣ್ಣತಮ್ಮಂದಿರ ಮಾತು, ಹುಡುಗಿಯನ್ನು ನಗಿಸುವ ಮಾತು ಬರುತ್ತಿದ್ದವು. ಅದನ್ನು ಬರಿಯ ಮನರಂಜನೆಯೆಂದು ತಿಳಿಯಬಾರದು. ನೋವಿನ ಕಡೆಯಿಂದ ಗಮನವನ್ನು ಬೇರೆಡೆಗೆ ಸೆಳೆಯುವ ಉಪಾಯವದು. ಅರಿವಳಿಕೆ ಇಲ್ಲದ ಕಾಲದ ಅರಿವಳಿಕೆ.

ಇಂದು ಅದೇ ಹಚ್ಚೆ ಬೇರೊಂದು ವೇಷದಲ್ಲಿ ಮಹಾನಗರಗಳಿಗೆ ಬಂದಿದೆ. ವಿದ್ಯುತ್ತಿನಿಂದ ಓಡುವ ಹಚ್ಚೆಯಂತ್ರಕ್ಕೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ 1891ರಲ್ಲಿ ಹಕ್ಕುಪತ್ರ ಪಡೆದನು. ಇಂದಿನ ಟ್ಯಾಟೂ ಅಂಗಡಿಗಳಲ್ಲಿರುವುದು ಅದರ ಸಂತತಿಯೇ. ಸೂಜಿಯು ನಿಮಿಷಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಬಾರಿ ಚರ್ಮವನ್ನು ಹೊಕ್ಕು ಹೊರಬರುತ್ತದೆ. ಅದು ಇಳಿಯುವ ಆಳ ಒಂದೆರಡು ಮಿಲಿಮೀಟರು ಮಾತ್ರ. ಅಲ್ಲಿ ದೇಹದ ಕಾವಲುಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಹಚ್ಚೆ ಅಳಿಯದಿರುವುದು ಇದರಿಂದ. ತಾಯಿಯ ಹೆಸರನ್ನೋ ಕುಲದೇವರ ಹೆಸರನ್ನೋ ಕನ್ನಡ ಲಿಪಿಯಲ್ಲಿ ತೋಳಿನ ಮೇಲೆ ಬರೆಯಿಸಿಕೊಳ್ಳುವ ಹೊರನಾಡ ಕನ್ನಡಿಗರ ಮಕ್ಕಳಿಗೆ ಇಲ್ಲೊಂದು ಬೇರೆಯೇ ಅಪಾಯವುಂಟು. ಸೂಜಿ ಹಿಡಿದವನಿಗೆ ಕನ್ನಡ ಬಾರದಿದ್ದರೆ ಒಂದು ಒತ್ತಕ್ಷರ ತಪ್ಪಿದರೂ, ಒಂದು ದೀರ್ಘ ಬಿಟ್ಟುಹೋದರೂ ಅದು ಜನ್ಮಪರ್ಯಂತ ಹಾಗೆಯೇ ಉಳಿಯುತ್ತದೆ. ಬರೆಹವನ್ನು ಮನೆಯ ಹಿರಿಯರಿಗೊಮ್ಮೆ ತೋರಿಸಿ ಒಪ್ಪಿಗೆ ಪಡೆದು ಹೋಗುವುದು ಲೇಸು.

ಯಂತ್ರದ ಹಚ್ಚೆಗೆ ಒಂದು ಗಂಟೆ, ಎರಡು ಗಂಟೆ, ದೊಡ್ಡ ಚಿತ್ರವಾದರೆ ಹಲವು ದಿನಗಳ ಬೈಠಕ್ಕು ಬೇಕು. ಕೊರವಂಜಿಯ ಹಾಡು ಅಷ್ಟು ಹೊತ್ತು ಸಾಲದು. ಕಿವಿಗೆ ಸಿಕ್ಕಿಸಿಕೊಂಡ ಸಂಗೀತವೂ ಅರ್ಧ ಗಂಟೆಯ ನಂತರ ಬೇಸರ ತರಬಹುದು. ಧ್ಯಾನದ ಮಾತು ಬರುವುದು ಇಲ್ಲಿಯೇ. ಅದನ್ನು ಅರಿಯಬೇಕಾದರೆ ನೋವು ಹೇಗೆ ಉಂಟಾಗುತ್ತದೆಂಬುದನ್ನು ಸ್ವಲ್ಪ ನೋಡಬೇಕು.

ಸೂಜಿ ಚುಚ್ಚಿದ ಸುದ್ದಿಯನ್ನು ಎರಡು ಬಗೆಯ ನರತಂತುಗಳು ಒಯ್ಯುತ್ತವೆ. ತೆಳುವಾದ ಹೊದಿಕೆಯುಳ್ಳ ತಂತುಗಳು ಚುರುಕಾಗಿ ಓಡಿ ‘ಚುಚ್ಚಿತು’ ಎಂಬ ತೀಕ್ಷ್ಣ ಅನುಭವವನ್ನು ಕೊಡುತ್ತವೆ. ಹೊದಿಕೆಯಿಲ್ಲದ ಸಣ್ಣ ತಂತುಗಳು ನಿಧಾನವಾಗಿ ಬಂದು ಉರಿಯನ್ನೂ ಮಂದವಾದ ನೋವನ್ನೂ ತರುತ್ತವೆ. ಆದರೆ ಈ ಸುದ್ದಿ ಮಿದುಳಿಗೆ ನೇರವಾಗಿ ತಲುಪುವುದಿಲ್ಲ. ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲಿದೆ. ಸ್ಪರ್ಶದ ದಪ್ಪ ತಂತುಗಳು ಚುರುಕಾದಾಗ ಆ ಬಾಗಿಲು ಅರೆಮುಚ್ಚುತ್ತದೆ. ಪೆಟ್ಟು ತಗಲಿದ ಜಾಗವನ್ನು ಉಜ್ಜಿಕೊಂಡರೆ ಹಾಯೆನಿಸುವುದು ಇದರಿಂದಲೇ. ಮಿದುಳು ಕೂಡ ಮೇಲಿನಿಂದ ಆಜ್ಞೆ ಕಳುಹಿಸಿ ಬಾಗಿಲನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಭಯ, ಆತಂಕಗಳು ಅದನ್ನು ಹಾರುಹೊಡೆಯುತ್ತವೆ. ಸಿದ್ಧಾಂತದ ವಿವರಗಳಲ್ಲಿ ಮುಂದೆ ತಿದ್ದುಪಡಿಗಳಾದವು. ನೋವಿನಲ್ಲಿ ಮನಸ್ಸಿಗೂ ಪಾಲಿದೆಯೆಂಬ ತಿರುಳು ಮಾತ್ರ ನಿಂತಿತು.

ಈ ಪಾಲನ್ನು ಬೌದ್ಧ ಗ್ರಂಥವಾದ ಸಂಯುತ್ತ ನಿಕಾಯದಲ್ಲಿನ ಒಂದು ಉಪಮಾನ ಬಹು ಚೆನ್ನಾಗಿ ವಿಂಗಡಿಸುತ್ತದೆ. ಒಬ್ಬನಿಗೆ ಬಾಣವೊಂದು ನಾಟಿತು. ಅದು ದೇಹದ ವೇದನೆ. ಅವನು ಮರುಗಿ, ಹಳಿದುಕೊಂಡು, ಬೆದರಿದಾಗ ಎರಡನೆಯ ಬಾಣ ನಾಟಿದಂತಾಗುತ್ತದೆ, ಅದು ಮನಸ್ಸಿನದು. ಮೊದಲನೆಯದು ತಪ್ಪದು, ಎರಡನೆಯದನ್ನು ತಪ್ಪಿಸಬಹುದು. ಹಚ್ಚೆಯ ಕುರ್ಚಿಯಲ್ಲಿ ಕುಳಿತವನ ಎರಡನೆಯ ಬಾಣಗಳು ಯಾವುವು? ‘ಇನ್ನೆಷ್ಟು ಹೊತ್ತು’, ‘ಎಲುಬಿನ ಮೇಲೆ ಬಂದಾಗ ಹೇಗೋ’, ‘ಗೆಳೆಯರ ಮುಂದೆ ಕೂಗಿಬಿಟ್ಟರೆ’ ಎಂಬ ಯೋಚನೆಗಳು. ಇವು ಬಂದೊಡನೆ ಹಲ್ಲು ಬಿಗಿಯುತ್ತದೆ, ಉಸಿರು ನಿಲ್ಲುತ್ತದೆ, ಸ್ನಾಯು ಸೆಟೆಯುತ್ತದೆ. ಸೆಟೆದ ತೋಳು ಅಲುಗುತ್ತದೆ, ಗೆರೆ ಸೊಟ್ಟಾಗುತ್ತದೆ.

ಆಂಗ್ಲರು ‘ಮೈಂಡ್‌ಫುಲ್‌ನೆಸ್’ ಎನ್ನುವುದಕ್ಕೆ ಕನ್ನಡದಲ್ಲಿ ಹೊಸ ಶಬ್ದವನ್ನು ಟಂಕಿಸಬೇಕಾಗಿಲ್ಲ. ‘ಸಾವಧಾನ’ ಎಂಬ ಮಾತಿದೆ. ಅವಧಾನ ಎಂದರೆ ಏಕಾಗ್ರವಾದ ಗಮನ. ಅದರಿಂದ ಕೂಡಿದ್ದು ಸಾವಧಾನ. ಬಳಕೆಯಲ್ಲಿ ಅದು ‘ನಿಧಾನ’ ಎಂಬ ಅರ್ಥಕ್ಕೆ ಇಳಿದಿದೆಯಾದರೂ ಮದುವೆಯ ಮಂಟಪದಲ್ಲಿ ‘ಶುಭಮಂಗಲ ಸಾವಧಾನ’ ಎಂದಾಗ ಮೂಲಾರ್ಥ ಇನ್ನೂ ಜೀವಂತವಾಗಿದೆ. ಆ ಮಾತು ಕೇಳಿ ಎಚ್ಚತ್ತ ಸಮರ್ಥ ರಾಮದಾಸರು ಮಂಟಪದಿಂದಲೇ ಓಡಿಹೋದ ಕಥೆ ಮಹಾರಾಷ್ಟ್ರದ ಕನ್ನಡಿಗರಿಗೆ ತಿಳಿದದ್ದೇ. ಹಚ್ಚೆಯ ಕುರ್ಚಿಯಲ್ಲಿ ಬೇಕಾದ ಸಾವಧಾನ ಓಡಿಸುವಂಥದಲ್ಲ, ಕೂರಿಸುವಂಥದು.

ಕೊರವಂಜಿಯ ಹಾಡು ಗಮನವನ್ನು ನೋವಿನಿಂದ ಆಚೆಗೆ ಒಯ್ಯುತ್ತದೆ. ಸಾವಧಾನವು ಗಮನವನ್ನು ನೋವಿನ ಬಳಿಗೇ ತರುತ್ತದೆ, ಆದರೆ ಸಾಕ್ಷಿಭಾವದಿಂದ. ಮೇಲ್ನೋಟಕ್ಕೆ ಇದು ವಿಪರೀತವೆನಿಸೀತು. ಇಗತ್ಪುರಿಯ ವಿಪಶ್ಯನಾ ಕೇಂದ್ರಕ್ಕೆ ಹೋಗಿಬಂದವರಿಗೆ ಇದು ಹೊಸದಲ್ಲ. ಬರ್ಮಾದಲ್ಲಿ ಹುಟ್ಟಿ ಬೆಳೆದ ಸತ್ಯನಾರಾಯಣ ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು ಮೊದಲ ಶಿಬಿರವನ್ನು ಮುಂಬಯಿಯಲ್ಲಿಯೇ ನಡೆಸಿದರು. ಹತ್ತು ದಿನಗಳ ಆ ಶಿಬಿರದಲ್ಲಿ ಸಾಧಕರು ಒಂದು ಗಂಟೆ ಅಲುಗದೆ ಕುಳಿತು ಮಂಡಿಯ ನೋವನ್ನು ಏಳುತ್ತ ಬೀಳುತ್ತಿರುವ ಸಂವೇದನೆಯಾಗಿ ನೋಡಲು ಕಲಿಯುತ್ತಾರೆ. ಅಮೆರಿಕೆಯ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇಂಥದೇ ಅಭ್ಯಾಸವನ್ನು ಧಾರ್ಮಿಕ ಪರಿವೇಷವಿಲ್ಲದೆ ದೀರ್ಘಕಾಲದ ನೋವುಳ್ಳ ರೋಗಿಗಳಿಗೆ ಕಲಿಸತೊಡಗಿದನು.

ಪ್ರಯೋಗಶಾಲೆಯ ಸಾಕ್ಷ್ಯವೂ ಉಂಟು. 2011ರಲ್ಲಿ ಫದೆಲ್ ಜೈದಾನ್ ಮತ್ತು ಸಂಗಡಿಗರು ಧ್ಯಾನವನ್ನೇ ಅರಿಯದ 15 ಮಂದಿಗೆ ನಾಲ್ಕು ದಿನ, ದಿನಕ್ಕೆ 20 ನಿಮಿಷ ಮಾತ್ರ ಶಿಕ್ಷಣ ಕೊಟ್ಟು, ಕಾಲಿಗೆ 49 ಡಿಗ್ರಿ ಸೆಲ್ಸಿಯಸ್ಸಿನ ಬಿಸಿ ತಾಗಿಸಿ ಪರೀಕ್ಷಿಸಿದರು. ಸುಮ್ಮನೆ ವಿಶ್ರಮಿಸಿದಾಗಿನದಕ್ಕೆ ಹೋಲಿಸಿದರೆ ಧ್ಯಾನದ ಹೊತ್ತಿನಲ್ಲಿ ನೋವಿನ ತೀವ್ರತೆ ಶೇಕಡಾ 40ರಷ್ಟು, ಅದರ ಅಸಹನೀಯತೆ ಶೇಕಡಾ 57ರಷ್ಟು ಕಡಿಮೆಯೆಂದು ಅವರು ಹೇಳಿದರು. ಮೊದಲನೆಯ ಬಾಣಕ್ಕಿಂತ ಎರಡನೆಯದೇ ಹೆಚ್ಚು ಮೊಂಡಾದದ್ದನ್ನು ಗಮನಿಸಬೇಕು. ಹದಿನೈದು ಜನರ ಪರೀಕ್ಷೆ ಚಿಕ್ಕದೆಂಬುದನ್ನೂ, ಬಿಸಿಯ ನೋವು ಸೂಜಿಯ ನೋವಲ್ಲವೆಂಬುದನ್ನೂ ಮರೆಯಲಾಗದು.

ಅಭ್ಯಾಸವನ್ನು ಕುರ್ಚಿಯ ಮೇಲೆ ಮೊದಲಿಡುವುದು ಪ್ರಯೋಜನವಿಲ್ಲದ ಕೆಲಸ. ಪರೀಕ್ಷೆಯ ಕೋಣೆಯಲ್ಲಿ ಪುಸ್ತಕ ತೆರೆದಂತೆ! ಒಂದು ವಾರ ಮುಂಚಿನಿಂದ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಕುಳಿತು ಉಸಿರನ್ನು ಗಮನಿಸಬೇಕು. ಲೋಕಲ್ ಗಾಡಿಯಲ್ಲಿ ಆಸನ ಸಿಕ್ಕಿದರೆ ಅಲ್ಲಿಯೂ ಆದೀತು. ಹಚ್ಚೆಯ ದಿನ ಚೆನ್ನಾಗಿ ಉಂಡು, ನೀರು ಕುಡಿದು, ನಿದ್ದೆಗೆಡದೆ ಹೋಗತಕ್ಕದ್ದು. ಸೂಜಿ ತಾಗುವ ಮುನ್ನ ಅಂಗಾಲು, ಅಂಗೈ, ಕುರ್ಚಿಗೆ ಒರಗಿದ ಬೆನ್ನು ಇವುಗಳ ಮೇಲೆ ಮನಸ್ಸನ್ನು ಒಂದೊಂದಾಗಿ ಇರಿಸಿ, ಬಿಗಿದ ದವಡೆಯನ್ನು ಸಡಿಲಿಸಬೇಕು. ಉಸಿರನ್ನು ಒಳಗೆ ನಾಲ್ಕೆಣಿಸುವಷ್ಟು, ಹೊರಗೆ ಆರೆಣಿಸುವಷ್ಟು ಮೆಲ್ಲಗೆ ಬಿಡುವುದು ಸುಲಭವಾದ ಕ್ರಮ. ಬಿರುಸಾಗಿ ಉಸಿರಾಡಿದರೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತವೆ. ಪಕ್ಕೆಲುಬಿನ ಮೇಲೆ ಹಚ್ಚೆಯಾದರೆ ಆಳವಾದ ಉಸಿರಿಗೆ ಮೈ ಏರಿಳಿಯುವುದರಿಂದ ಅದನ್ನೂ ಹಗುರವಾಗಿಯೇ ಇಡಬೇಕು.

ಸೂಜಿ ಓಡತೊಡಗಿದಾಗ ಆ ಜಾಗಕ್ಕೆ ಮನಸ್ಸನ್ನು ಒಯ್ದು, ಅಲ್ಲಿರುವುದೇನೆಂದು ನೋಡುವುದು. ‘ನೋವು’ ಎಂಬ ಒಂದೇ ಹೆಸರಿನ ಕೆಳಗೆ ಗೀರು, ಉರಿ, ಕಂಪನ, ಒತ್ತಡ ಬೇರೆ ಬೇರೆಯಾಗಿ ತೋರುತ್ತವೆ. ಒಂದು ಏರುವಾಗ ಇನ್ನೊಂದು ಇಳಿದಿರುತ್ತದೆ. ಕುಶಲಿಯು ಸೂಜಿ ಎತ್ತಿದ ಕ್ಷಣದ ಬಿಡುವನ್ನೂ ಅಷ್ಟೇ ಗಮನದಿಂದ ನೋಡಬೇಕು. ಹೆಚ್ಚಿನವರು ಆ ಬಿಡುವನ್ನು ಮುಂದಿನ ಗೆರೆಯ ಭಯದಲ್ಲಿ ಕಳೆದುಬಿಡುತ್ತಾರೆ. ಮನಸ್ಸು ‘ಇನ್ನೆಷ್ಟು’ ಎಂದು ಕೇಳಿದರೆ, ಕೇಳಿತೆಂದು ಅರಿತು ಮತ್ತೆ ಉಸಿರಿಗೆ ಮರಳುವುದು. ಇದರಿಂದ ನೋವು ಮಾಯವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಕೆಲವರಿಗೆ, ವಿಶೇಷವಾಗಿ ಹಿಂದೆ ಘೋರ ಆಘಾತ ಕಂಡವರಿಗೆ, ದೇಹದ ಮೇಲೆ ಗಮನವಿಟ್ಟಷ್ಟೂ ಕಳವಳ ಹೆಚ್ಚುವುದುಂಟು. ಅಂಥವರಿಗೆ ಗೆಳೆಯರ ಹರಟೆಯೋ ಕೊರವಂಜಿಯ ದಾರಿಯಾದ ಹಾಡೋ ಮೇಲು; ಅದರಲ್ಲಿ ಕೀಳರಿಮೆಗೆ ಕಾರಣವಿಲ್ಲ.

ಧ್ಯಾನಸ್ಥನಾಗಿ ಕಣ್ಣು ಮುಚ್ಚಿದವನಿಂದ ಒಂದು ತೊಂದರೆಯುಂಟು. ಅವನು ಶಾಂತನಾಗಿದ್ದಾನೋ ಮೂರ್ಛೆ ಹೋಗುತ್ತಿದ್ದಾನೋ ಹಚ್ಚೆ ಹಾಕುವವನಿಗೆ ತಿಳಿಯುವುದಿಲ್ಲ. ತಣ್ಣನೆಯ ಬೆವರು, ಕಿವಿಯಲ್ಲಿ ಗುಂಯ್ಗುಡುವಿಕೆ, ಕಣ್ಣು ಮಬ್ಬಾಗುವುದು ಇವು ರಕ್ತದೊತ್ತಡ ಕುಸಿಯುವ ಸೂಚನೆಗಳು. ಕೂಡಲೆ ಬಾಯಿಬಿಟ್ಟು ಹೇಳಿ, ಅಂಗಾತ ಮಲಗಿ ಕಾಲುಗಳನ್ನು ಎತ್ತರಿಸಿಕೊಳ್ಳಬೇಕು. ಉಸಿರು ಕಟ್ಟಿದರೆ, ಮೈಮೇಲೆ ದದ್ದುಗಳೆದ್ದು ಮುಖ ಊದಿದರೆ ಅದು ಆಸ್ಪತ್ರೆಯ ಕೆಲಸ, ಸಾಕ್ಷಿಭಾವದ್ದಲ್ಲ. ಮರುದಿನಗಳಲ್ಲಿ ಕೆಂಪು, ಸ್ವಲ್ಪ ಊತ ಸಹಜ. ನೋವು ಇಳಿಯುವ ಬದಲು ಏರುತ್ತ, ಕೀವು ಜ್ವರಗಳು ಕಂಡರೆ ವೈದ್ಯರ ಬಳಿಗೆ ಹೋಗಬೇಕು. ಮಧುಮೇಹಿಗಳು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಗಾಯ ಮಾಗಿದಲ್ಲಿ ಗಂಟು ಕಟ್ಟುವ ಚರ್ಮದವರು ಮೊದಲೇ ವೈದ್ಯರನ್ನು ಕೇಳುವುದು ಅವಶ್ಯ.

ಎಷ್ಟೇ ಪ್ರಶಾಂತವಾದ ಮನಸ್ಸೂ ರೋಗಾಣುವನ್ನು ಕೊಲ್ಲದು. ಕೊರವಂಜಿಯ ಸೂಜಿ ಒಂದು ತೋಳಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಇಂದು ಜಾತ್ರೆಯ ಬೀದಿಯಲ್ಲಿ ಕುಳಿತ ಯಂತ್ರದವನ ಸೂಜಿಯೂ ಹಾಗೆಯೇ ಹೋಗಬಹುದು. ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳು, ಏಡ್ಸ್ ರೋಗದ ವೈರಸ್ಸು ರಕ್ತದ ಮೂಲಕ ಹರಡುವಂಥವು. ಮುಚ್ಚಿದ ಪೊಟ್ಟಣದ ಹೊಸ ಸೂಜಿಯನ್ನು ಕಣ್ಣೆದುರು ಒಡೆಯುವರೇ, ಬಣ್ಣವನ್ನು ಹೊಸ ಬಟ್ಟಲಿಗೆ ಸುರಿಯುವರೇ, ಕೈಗವಸು ಬದಲಿಸುವರೇ ಎಂಬುದನ್ನು ಕಣ್ಣು ಮುಚ್ಚುವ ಮುನ್ನವೇ ನೋಡಿಕೊಳ್ಳಬೇಕು. ಕಾಮಾಲೆ ಬಿ ಬಗೆಗೆ ಲಸಿಕೆಯಿದೆ. ಹಚ್ಚೆ ಹಾಕಿಸಿಕೊಂಡವರು 12 ತಿಂಗಳ ಕಾಲ ರಕ್ತ ಕೊಡಬಾರದೆಂಬ ನಿಯಮವೂ ನಮ್ಮ ದೇಶದಲ್ಲಿದೆ. ಕನ್ನಡ ಸಂಘಗಳ ರಕ್ತದಾನ ಶಿಬಿರಗಳಿಗೆ ಉತ್ಸಾಹದಿಂದ ಬರುವ ತರುಣರು ಇದನ್ನು ಮುಚ್ಚಿಡದೆ ಹೇಳತಕ್ಕದ್ದು.

ಹಚ್ಚೆಯು ಅಲಂಕಾರಕ್ಕೆ ಮಾತ್ರವಲ್ಲದೆ ವೈದ್ಯರ ಕೈಯಲ್ಲಿಯೂ ಇದೆ. ಅರ್ಬುದ ರೋಗಕ್ಕೆ ವಿಕಿರಣ ಚಿಕಿತ್ಸೆ ಪಡೆಯುವವರನ್ನು ದಿನವೂ ಒಂದೇ ಭಂಗಿಯಲ್ಲಿ ಮಲಗಿಸಿ, ಒಂದೇ ಜಾಗಕ್ಕೆ ಕಿರಣ ಬೀಳುವಂತೆ ಮಾಡಲು ಚರ್ಮದ ಮೇಲೆ ಎಳ್ಳಿನ ಕಾಳಿಗಿಂತಲೂ ಚಿಕ್ಕದಾದ ಹಚ್ಚೆಯ ಚುಕ್ಕೆಗಳನ್ನು ಇಡುವ ರೂಢಿ ಅನೇಕ ಆಸ್ಪತ್ರೆಗಳಲ್ಲಿದೆ. ಕೆಲವು ಕ್ಷಣಗಳ ಚುಚ್ಚುವಿಕೆಯಷ್ಟೆ. ಊರಿನಿಂದ ಚಿಕಿತ್ಸೆಗೆಂದು ಮಹಾನಗರಕ್ಕೆ ಬಂದು, ಭಾಷೆ ತಿಳಿಯದ ದೊಡ್ಡ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ ತಾಯಿಗೆ ಆ ಸೂಜಿಗಿಂತ ಸುತ್ತಲಿನ ಅಪರಿಚಿತತೆಯೇ ಹೆಚ್ಚು ಚುಚ್ಚುತ್ತದೆ. ಒಳಗೆ ಹೋಗುವ ಮೊದಲು ಮಗಳೋ ಸೊಸೆಯೋ ಪಕ್ಕದಲ್ಲಿ ಕುಳಿತು, ‘ಅಮ್ಮಾ, ಉಸಿರನ್ನು ಮೆಲ್ಲಗೆ ಬಿಡು, ಅಂಗಾಲು ಎಲ್ಲಿದೆ ನೋಡಿಕೋ’ ಎಂದು ಕನ್ನಡದಲ್ಲಿ ನಾಲ್ಕು ಬಾರಿ ಅಭ್ಯಾಸ ಮಾಡಿಸಬಹುದು. ಅದಕ್ಕೆ ಐದು ನಿಮಿಷ ಸಾಕು. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಅಷ್ಟು ಹೊತ್ತು ಎಂದೂ ಇದ್ದೇ ಇರುತ್ತದೆ.