ಹೊಲದಲ್ಲಿ ಅರಳುವ ಹಳದಿ ದತ್ತೂರಿ: ಗುರುತಿಸುವ ಬಗೆ

ಹಿಂಗಾರಿನ ದಿನಗಳಲ್ಲಿ ಆನೆಕೊಂಡದ ಸುತ್ತಮುತ್ತ ಹಾಗೂ ಹರಿಹರದ ಕಡೆಯ ಬೀಳು ಜಮೀನು, ಬದು, ರಸ್ತೆಯ ಅಂಚುಗಳಲ್ಲಿ ಅಚ್ಚ ಹಳದಿ ಹೂವಿನ ಮುಳ್ಳುಗಿಡವೊಂದು ಕಂಡುಬರುತ್ತದೆ. ಇದು ಯಾವ ಗಿಡ, ಔಷಧಿಯೇ ಅಥವಾ ವಿಷವೇ ಎಂದು ಗ್ರಾಮಸ್ಥರು ಸದಸ್ಯರನ್ನು ಕೇಳುವುದು ಸಹಜವಾದುದರಿಂದ ಈ ವಿವರಣೆಯನ್ನು ನೀಡಲಾಗಿದೆ.

ಇದನ್ನು ದತ್ತೂರಿ ಎಂದು ಕರೆಯುತ್ತಾರೆ. ಸಸ್ಯಶಾಸ್ತ್ರೀಯ ಹೆಸರು ಅರ್ಜಿಮೋನ್ ಮೆಕ್ಸಿಕಾನಾ. ಶಿವಪೂಜೆಗೆ ಬಳಸುವ ಉಮ್ಮತ್ತಿಗೂ ದತ್ತೂರ ಎಂಬ ಹೆಸರಿರುವುದರಿಂದ ಗೊಂದಲವಾಗುತ್ತದೆ. ಇವೆರಡಕ್ಕೂ ನಂಟಿಲ್ಲ. ಹಳದಿ ದತ್ತೂರಿ ಗಸಗಸೆಯ ಕುಟುಂಬಕ್ಕೆ ಸೇರಿದ್ದು, ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಇದೇ ಪ್ರಾಚೀನ ಗ್ರಂಥಗಳ ‘ಸ್ವರ್ಣಕ್ಷೀರಿ’ ಎಂದು ಹೇಳುವವರಿದ್ದಾರೆ. ಆದರೆ ಅಮೆರಿಕದ ಸಸ್ಯಗಳು ಸಮುದ್ರ ದಾಟಿ ಬರತೊಡಗಿದ್ದು 15ನೆಯ ಶತಮಾನದ ಕೊನೆಯ ನಂತರ. ಅದಕ್ಕಿಂತ ಹಳೆಯ ಗ್ರಂಥ ಈ ಗಿಡವನ್ನು ಹೇಳಿರಲಾರದು.

ದೂರದಿಂದ ನೋಡಿದರೆ ಜೋಳದ ಹೊಲದ ಅಂಚಿನ ಕುಸುಬೆಯಂತೆ ತೋರುವುದುಂಟು, ಏಕೆಂದರೆ ಎರಡರ ಎಲೆಯಲ್ಲೂ ಮುಳ್ಳಿದೆ. ಕುಸುಬೆಯ ಹೂವು ಎಳೆಎಳೆಯಾದ ಕುಚ್ಚು. ದತ್ತೂರಿಗೆ ನಾಲ್ಕರಿಂದ ಆರು ಅಗಲವಾದ, ತೆಳುವಾದ ದಳಗಳು. ಎಲೆ ಬೂದು ಮಿಶ್ರಿತ ಹಸಿರು, ನರಗಳ ಉದ್ದಕ್ಕೂ ಬಿಳಿಯ ಪಟ್ಟೆ. ಕಾಂಡವನ್ನು ಮುರಿದರೆ ಅರಿಶಿನದ ಬಣ್ಣದ ಹಾಲು ಸುರಿಯುತ್ತದೆ. ಈ ಒಂದು ಗುರುತೇ ಸಾಕು, ಕುಸುಬೆಯಲ್ಲಿ ಅಂತಹ ಹಾಲು ಇಲ್ಲ.

ಅಪಾಯವಿರುವುದು ಬೀಜದಲ್ಲಿ. ಮುಳ್ಳುಕಾಯಿ ಒಣಗಿ ತುದಿಯಲ್ಲಿ ಬಿರಿದಾಗ ಉದುರುವ ನೂರಾರು ಕಪ್ಪು ಬೀಜಗಳು ಸಾಸಿವೆಯನ್ನು ಹೋಲುತ್ತವೆ. ಅವುಗಳ ಎಣ್ಣೆಯಲ್ಲಿರುವ ಸ್ಯಾಂಗ್ವಿನರೀನ್ ಎಂಬ ವಿಷ ಸೂಕ್ಷ್ಮ ರಕ್ತನಾಳಗಳನ್ನು ಸಡಿಲಗೊಳಿಸಿ ನೀರು ಹೊರಗೆ ಸೋರುವಂತೆ ಮಾಡುತ್ತದೆ. ಎರಡೂ ಕಾಲುಗಳು ಊದಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ, ಹೃದಯ ಸೋಲುತ್ತದೆ. ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ನಮ್ಮ ಭಾಗದಲ್ಲಿ ಸಾಸಿವೆ ಬಹುತೇಕ ಒಗ್ಗರಣೆಗಷ್ಟೇ ಬಳಕೆಯಾಗುವುದರಿಂದ ಅಷ್ಟು ದೊಡ್ಡ ಅನಾಹುತದ ಸಂಭವ ಕಡಿಮೆ. ಆದರೂ ಸ್ವಂತ ಹೊಲದ ಸಾಸಿವೆಯನ್ನು ಗಾಣಕ್ಕೆ ಒಯ್ಯುವವರು ಎಚ್ಚರ ವಹಿಸಲೇಬೇಕು.

ಪರೀಕ್ಷೆ ಸುಲಭ. ಬಿಳಿ ಕಾಗದದ ಮೇಲೆ ಒಂದು ಹಿಡಿ ಸಾಸಿವೆಯನ್ನು ಹರಡಿ ಭೂತಗನ್ನಡಿಯಲ್ಲಿ ನೋಡಬೇಕು. ಸಾಸಿವೆಯ ಮೈ ನುಣುಪು, ಒತ್ತಿ ಒಡೆದರೆ ಒಳಗೆ ಹಳದಿ. ದತ್ತೂರಿಯ ಮೈ ತರಿತರಿ, ಒಳಗೆ ಬಿಳಿ. ಅಂಗಡಿಯ ಸಾಸಿವೆ ಅಥವಾ ಎಣ್ಣೆಯ ಬಗ್ಗೆ ಸಂಶಯ ಬಂದಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸತಕ್ಕದ್ದು.

ಕಳೆಯನ್ನು ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕೀಳುವುದು ಸೂಕ್ತ. ಕಾಯಿ ಬಲಿತ ಗಿಡವನ್ನು ತಿಪ್ಪೆಗೆ ಹಾಕಬಾರದು, ಏಕೆಂದರೆ ಬೀಜ ಗೊಬ್ಬರದೊಡನೆ ಮರಳಿ ಹೊಲ ಸೇರುತ್ತದೆ. ಗುರುತಿನಲ್ಲಿ ಅನುಮಾನವಿದ್ದರೆ ಗಿಡದ ಹೂವು, ಎಲೆ, ಕಾಯಿಗಳ ಚಿತ್ರವನ್ನು ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಬಹುದು. ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಇದನ್ನು ಹೊರಗಿನ ಸಸ್ಯವೆಂದು ನಮೂದಿಸುವುದು ಒಳಿತು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಏಕಕಾಲದಲ್ಲಿ ಕಾಲು ಊದಿರುವುದು ಗಮನಕ್ಕೆ ಬಂದರೆ, ಆ ಮನೆಯ ಅಡುಗೆ ಎಣ್ಣೆಯ ಬಳಕೆಯನ್ನು ನಿಲ್ಲಿಸಿ, ಎಣ್ಣೆಯನ್ನು ಚೆಲ್ಲದೆ ತೆಗೆದಿರಿಸಿ, ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಮಾಹಿತಿ ನೀಡುವಂತೆ ಸದಸ್ಯರಲ್ಲಿ ಕೋರಲಾಗಿದೆ.