ಮೀನಿನ ಉಸಿರು ನೀರಿನ ಮೇಲ್ಮೈಯಲ್ಲಿದೆ

ಮಕ್ಕಳ ಹಠಕ್ಕೆ ಮಣಿದು ನೀವು ಮನೆಗೆ ಗೋಲ್ಡ್ ಫಿಶ್ ತಂದಿದ್ದೀರಾ? ತಂದ ಕೆಲವೇ ದಿನಗಳಲ್ಲಿ ಒಂದೆರಡು ಸತ್ತು ತೇಲಿದ್ದನ್ನೂ ನೋಡಿರಬಹುದು. "ನೀರು ಸ್ವಚ್ಛವಾಗಿತ್ತು, ತಿಂಡಿಯನ್ನೂ ಹಾಕಿದ್ದೆ, ಮತ್ತೇಕೆ ಸತ್ತಿತು?" ಎಂದು ಮಗು ಕೇಳಿದರೆ ಏನು ಹೇಳುತ್ತೀರಿ? ಇಂತಹ ಸಾವಿಗೆ ಒಂದು ಮುಖ್ಯ ಕಾರಣ ಉಸಿರುಗಟ್ಟುವಿಕೆ.

ನೀರಿನಲ್ಲಿರುವ ಮೀನಿಗೂ ಉಸಿರುಗಟ್ಟುತ್ತದೆಯೇ? ಹೌದು. ಮೀನು ಕಿವಿರುಗಳ ಮೂಲಕ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 9 ಮಿಲಿಗ್ರಾಂ. ನೀರು 30 ಡಿಗ್ರಿಗೆ ಬಿಸಿಯಾದರೆ ಅದೂ ಸುಮಾರು ಏಳೂವರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಮೀನುಗಳು ಹೆಚ್ಚು ಬಳಲುವುದು ಇದಕ್ಕೇ.

ಈ ಆಮ್ಲಜನಕ ನೀರಿಗೆ ಸೇರುವ ಮುಖ್ಯ ಬಾಗಿಲು ನೀರಿನ ಮೇಲ್ಮೈ. ಮೀನು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದೂ ಅಲ್ಲಿಂದಲೇ. ಆದರೆ ನೀರು ಅಲುಗಾಡದೆ ನಿಂತಿದ್ದರೆ ಮೇಲಿನ ತೆಳು ಪದರ ಸೇರಿಸಿಕೊಂಡ ಆಮ್ಲಜನಕ ತಳಕ್ಕೆ ತಲುಪುವುದು ಬಹಳ ನಿಧಾನ. ಬಿಸಿ ಚಹಾವನ್ನು ಎರಡು ಲೋಟಗಳಲ್ಲಿ ಎತ್ತಿ ಸುರಿದರೆ ಬೇಗ ಆರುತ್ತದಲ್ಲವೇ? ಹಾಗೆಯೇ ನೀರನ್ನು ಕಲಕಿದಷ್ಟೂ ಅದು ಗಾಳಿಯೊಡನೆ ಬೆರೆಯುತ್ತದೆ.

ಏರ್ ಪಂಪಿನ ಗುಳ್ಳೆಗಳೇ ಮೀನಿಗೆ ಉಸಿರು ಕೊಡುತ್ತವೆಂದು ಅನೇಕರು ತಿಳಿದಿದ್ದಾರೆ. ಗುಳ್ಳೆ ನೀರಿನಲ್ಲಿ ಇರುವುದು ಒಂದೆರಡು ಕ್ಷಣ ಮಾತ್ರ; ಅದರಿಂದ ನೇರವಾಗಿ ಕರಗುವ ಆಮ್ಲಜನಕ ಕಡಿಮೆ. ಆದರೆ ಅದು ತಳದ ನೀರನ್ನು ಮೇಲಕ್ಕೆಳೆದು ತಂದು ಮೇಲ್ಮೈಯನ್ನು ಕದಡುತ್ತದೆ. ನಿಜವಾದ ಲಾಭ ಅದೇ. ಫಿಲ್ಟರಿನ ನೀರು ಬೀಳುವ ಬಾಯಿಯನ್ನು ಮೇಲ್ಮೈಯತ್ತ ತಿರುಗಿಸಿ ಸಣ್ಣ ಅಲೆಗಳೇಳುವಂತೆ ಮಾಡಿದರೂ ಅದೇ ಫಲ ಸಿಗುತ್ತದೆ.

ಪಾತ್ರೆಯ ಆಕಾರವೂ ಮುಖ್ಯ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಯಲ್ಲಿ ಗಾಳಿಗೆ ತೆರೆದಿರುವ ನೀರು ಸುಮಾರು 1,800 ಚದರ ಸೆಂ.ಮೀ. 15 ಸೆಂ.ಮೀ. ಬಾಯಿಯ ದುಂಡು ಬುಡ್ಡಿಯನ್ನು ಕಂಠದವರೆಗೆ ತುಂಬಿಸಿದರೆ ಅದು 180ನ್ನೂ ಮೀರುವುದಿಲ್ಲ. ಗೋಲ್ಡ್ ಫಿಶ್‌ಗೆ ಬುಡ್ಡಿ ತಕ್ಕ ಮನೆಯಲ್ಲ. ಸದ್ಯಕ್ಕೆ ಬುಡ್ಡಿಯೇ ಇದ್ದರೆ ಅದರ ಹೊಟ್ಟೆ ಅಗಲವಾಗಿರುವಲ್ಲಿಯವರೆಗೆ ಮಾತ್ರ ನೀರು ತುಂಬಿಸಿ. ಫೈಟರ್ ಮೀನು ಮೇಲೆ ಬಂದು ನೇರವಾಗಿ ಗಾಳಿ ಸೇವಿಸಬಲ್ಲದು. ಅದು ಬದುಕಿತೆಂದು ಬೇರೆ ಮೀನನ್ನೂ ಹಾಗೆಯೇ ಇಡಬೇಡಿ.

ಬೆಳಿಗ್ಗೆ ಎದ್ದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿವೆಯೇ? ಅದನ್ನು ಹಸಿವೆಂದು ತಿಳಿದು ತಿಂಡಿ ಹಾಕಬೇಡಿ. ರಾತ್ರಿ ತೊಟ್ಟಿಯ ಗಿಡಗಳೂ ಆಮ್ಲಜನಕವನ್ನೇ ಬಳಸುವುದರಿಂದ ಮುಂಜಾವಿನಲ್ಲಿ ಕೊರತೆ ಹೆಚ್ಚು. ಶಬ್ದವಾಗುತ್ತದೆಂದು ರಾತ್ರಿ ಪಂಪನ್ನು ನಿಲ್ಲಿಸುವುದು ಸರಿಯಲ್ಲ. ಕೊಳೆತ ತಿಂಡಿಯಿಂದ ನೀರು ವಿಷವಾದಾಗಲೂ ಮೀನು ಹೀಗೆಯೇ ಮಾಡುತ್ತದೆ. ಆದ್ದರಿಂದ ಕೂಡಲೇ ನಾಲ್ಕನೇ ಒಂದು ಭಾಗ ನೀರನ್ನು ಬದಲಾಯಿಸಿ. ಹೊಸ ನೀರು ಕ್ಲೋರಿನ್ ಇಲ್ಲದ್ದಾಗಿರಲಿ.

ಕರೆಂಟು ಹೋದರೆ ಮುಚ್ಚಳ ತೆಗೆದಿಡಿ. ಶುದ್ಧವಾದ ಚೊಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣು ಎತ್ತರದಿಂದ ಆಗಾಗ ಸುರಿಯುತ್ತಿರಿ. ತಿಂಡಿ ಹಾಕಬೇಡಿ. ಏರ್ ಪಂಪನ್ನು ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲದಿದ್ದರೆ ಪಂಪು ನಿಂತಾಗ ಕೊಳವೆಯ ಮೂಲಕ ನೀರು ಹಿಂದಕ್ಕೆ ಹರಿದು ಬರುತ್ತದೆ. ಮೇಲ್ಮೈಯಲ್ಲಿ ಎಣ್ಣೆಯಂತಹ ಪೊರೆ ಕಂಡರೆ ಕಾಗದವನ್ನು ಮೆಲ್ಲಗೆ ಹಾಸಿ ಎತ್ತಿ ತೆಗೆಯಿರಿ.

ಈ ಕೆಲಸಗಳಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳಿ. ಗಾಜಿನೊಳಗೆ ಕೂಡಿಟ್ಟ ಜೀವ ತನಗೆ ಬೇಕಾದ ಗಾಳಿಯನ್ನು ಹುಡುಕಿಕೊಂಡು ಬೇರೆಡೆ ಹೋಗಲಾರದು. ಅದನ್ನು ಒದಗಿಸುವ ಹೊಣೆ ಸಾಕಿದವರದೆಂದು ಅವರೂ ಕಲಿಯಲಿ.